ಕೆವಿನ್ನನ ಮೊಣಗಂಟು

ಹಂಝ ಒಂದು ಕೈಯಿಂದ ದೊರೆಯ ತಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕುತ್ತಿಗೆಯಡಿ ಮಫ್ಲರ್ ತೂರಿಸಲು ನೋಡುತ್ತಿದ್ದ. ಕುತ್ತಿಗೆ ಬಗ್ಗಲಿಲ್ಲ. ಮೂರು ದಿನ ಶೀತಲ ಪೆಟ್ಟಿಗೆಯಲ್ಲಿ ಮಲಗಿದ್ದ ದೇಹ ಯಾರ ಅವಸರಕ್ಕೂ ಒಗ್ಗುವಂತಿರಲಿಲ್ಲ.

"ಸ್ವಲ್ಪ ಹಿಡಿ ಮಾರಾಯ. ನೋಡ್ತಾ ನಿಂತರೆ ಆಗ್ತದಾ?" ಎಂದ ಕ್ಯಾಮಿಲಸನಿಗೆ.

ಕ್ಯಾಮಿಲಸ್ ಹೆಗಲಿಗೆ ಕೈ ಕೊಟ್ಟ. ಇಬ್ಬರೂ ಸೇರಿ ಎತ್ತಿದಾಗ ದೊರೆ ಇಡಿಯಾಗಿ ಮೇಲೆ ಬಂದ, ಹಲಗೆ ಎತ್ತಿದ ಹಾಗೆ. ನೀಲಿ ಹಳದಿ ಪಟ್ಟೆಯ ಉಣ್ಣೆಯ ಮಫ್ಲರು ಕೊನೆಗೂ ಹಿಂದಿನಿಂದ ಸುತ್ತಿ ಎದೆಯ ಮೇಲೆ ಬಂತು. ಅದರ ಎರಡೂ ತುದಿಯಲ್ಲಿ ಇಂಗ್ಲಿಷಿನಲ್ಲಿ ಹಾಲ್ಸ್ಬಿ ವಾಂಡರರ್ಸ್ ಎಂದು ಒಂದು ಫುಟ್‌ಬಾಲ್ ಕ್ಲಬ್ಬಿನ ಹೆಸರು ನೇಯ್ದಿತ್ತು. ಹಂಝ ಅಕ್ಷರಗಳು ಮೇಲಾಗುವಂತೆ ಅದನ್ನು ಸರಿಪಡಿಸಿದ. ದುಬೈಯಲ್ಲಿ ಯಾರಿಗೂ ಬೇಡವಾದ ಉಣ್ಣೆ, ಇಂಗ್ಲೆಂಡಿನಲ್ಲಿ ಯಾರಿಗೂ ಬೇಡವಾದ ಮನುಷ್ಯನ ಕುತ್ತಿಗೆಗೆ ಬಿತ್ತು. ಆದರೆ ಈ ಎರಡನೆಯ ಸಂಗತಿ ಆ ಹೊತ್ತಿಗೆ ಹಂಝನಿಗೂ ಗೊತ್ತಿರಲಿಲ್ಲ, ಕ್ಯಾಮಿಲಸನಿಗೂ ಗೊತ್ತಿರಲಿಲ್ಲ.

"ಯಲ್ಲಾ, ಯಲ್ಲಾ," ಎಂದು ಅವಸರಪಡಿಸುತ್ತ ಶವಾಗಾರದ ನೌಕರ ಬಾಗಿಲಿನಿಂದ ಕೈ ಆಡಿಸಿದ. ಹೊರಗೆ ಇನ್ನೂ ನಾಲ್ಕು ಜನರ ಕಡೆಯವರು ಕಾಯುತ್ತಿದ್ದರು. ಆ ಜಾಗಕ್ಕೆ ನಮ್ಮವರು ಇಟ್ಟ ಹೆಸರು ಸೋನಾಪುರ. ಕೂಲಿಯವರ ಕ್ಯಾಂಪುಗಳೂ ಹೆಣ ಇಡುವ ಮನೆಯೂ ಒಟ್ಟಿಗೇ ಇರುವ ಜಾಗಕ್ಕೆ ಚಿನ್ನದ ಊರು ಎನ್ನಬೇಕಾದರೆ ಇಟ್ಟವರ ಬಾಯಿ ಸಾಕಷ್ಟು ಕಹಿಯಾಗಿದ್ದಿರಬೇಕು.

ಇವರು ದೊರೆ ಎನ್ನುತ್ತಿದ್ದ ಈ ಸತ್ತವನ ಹೆಸರು ರಾನ್ ಹೆಬ್ಡನ್, ಇಂಗ್ಲೆಂಡಿನವನು. ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಬುಧವಾರ ಮಧ್ಯಾಹ್ನ ಆಯಿಲ್ ಫಿಲ್ಟರುಗಳ ಕಪಾಟಿನ ಎದುರು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಹಂಝ ಅದೇ ಗ್ಯಾರೇಜಿನ ಮೆಕ್ಯಾನಿಕ್, ಉಪ್ಪಿನಂಗಡಿ ಕಡೆಯ ಬ್ಯಾರಿ. ಕ್ಯಾಮಿಲಸ್ ಅಲ್ಲಿಯದೇ ಆಫೀಸಿನಲ್ಲಿ ಎಲ್ಲರ ವೀಸಾ ಕೆಲಸ ಮಾಡುವವನು, ಮಂಗಳೂರಿನ ಕ್ರಿಸ್ತಾಂವ. ಇಲ್ಲಿ ಸತ್ತವನು ಮಣ್ಣಿಗೆ ಹೋಗುವ ಮೊದಲು ಅವನ ವೀಸಾ ಕ್ಯಾನ್ಸಲ್ ಆಗಬೇಕು. ಹಾಗಾಗಿ ರಾನ್‌ನನ್ನು ಈ ಲೋಕದಿಂದ ಅಧಿಕೃತವಾಗಿ ಕಳುಹಿಸಿದವನೂ ಕ್ಯಾಮಿಲಸನೇ. ಹೆಂಡತಿ ಎಂದೋ ಬಿಟ್ಟುಹೋಗಿದ್ದಳು, ಮಕ್ಕಳಿಲ್ಲ. ಕೆನಡಾದಲ್ಲಿದ್ದ ತಂಗಿ 'ಅಲ್ಲೇ ಮಾಡಿ' ಎಂದು ಒಂದು ಸಾಲಿನ ಒಪ್ಪಿಗೆ ಕಳುಹಿಸಿದ್ದಳು. ಗ್ಯಾರೇಜಿನ ಮಾಲೀಕರ ಪರವಾಗಿ ಬಂದ ಹೂಚಕ್ರದ ಮೇಲೆ ರಾನ್ ಎಂಬುದು ರಾಮ್ ಆಗಿತ್ತು.

ಹೊರಗೆ ಕಾರಿನ ಹತ್ತಿರ ಕ್ಯಾಮಿಲಸನ ಹೆಂಡತಿ ಬೆಟ್ಟಿ ಜಪಮಾಲೆ ಹಿಡಿದು ನಿಂತಿದ್ದಳು. ಮಗಳು ಸ್ಟೇಸಿ ಫೋನು ನೋಡುತ್ತಿದ್ದಳು.

"ಕ್ಲಬ್ಬಿನವರ ಉತ್ತರ ಬಂತಾ ಸ್ಟೇಸಿ?" ಎಂದು ಹಂಝ ಕೇಳಿದ.

"ನಾಟ್ ಯೆಟ್, ಅಂಕಲ್." ಅವಳು ತಲೆ ಎತ್ತಲಿಲ್ಲ.

"ಬರ್ತದೆ. ಅಲ್ಲಿ ಈಗಷ್ಟೇ ಬೆಳಗಾಗ್ತಿರ್ಬೇಕು. ಅಷ್ಟು ವರ್ಷ ಸೆಕ್ರೆಟರಿ ಆಗಿದ್ದವ ಸತ್ತರೆ ಎರಡು ಮಾತು ಬರೀದೆ ಇರ್ತಾರಾ? ಬಂದ ಕೂಡ್ಲೆ ನಿನ್ನ ಪಪ್ಪನಿಗೆ ತೋರಿಸು. ಗುಂಡಿಯ ಹತ್ರ ಅವ ಓದ್ಲಿ." ಹಂಝ ಬೆಟ್ಟಿಯ ಕಡೆ ತಿರುಗಿದ. "ಇಲ್ಲದಿದ್ರೆ ಪರದೇಶಿ ಹೋದ ಹಾಗೆ ಆಗ್ತದೆ ಬೆಟ್ಟಿ ಬಾಯಿ. ಮತ್ತೆ ನಮ್ಮ ಆಟಗಾರ ಕೆವಿನ್ನನಿಗೂ ಸುದ್ದಿ ಮುಟ್ಬೇಕು. ಅವ ಈಗ ದೊಡ್ಡ ಕ್ಲಬ್ಬಿಗೆ ಹೋಗಿರ್ಬಹುದು. ಆದ್ರೂ ಗೊತ್ತಾಗ್ಬೇಕಲ್ಲ."

ಬೆಟ್ಟಿ ತಲೆಯಾಡಿಸಿದಳು. ಹಂಝ ದೊರೆಯ ಜೊತೆಗೆ ಶವದ ಗಾಡಿ ಹತ್ತಿದ. ಒಬ್ಬನೇ ಹೋಗಬಾರದು ಎಂಬುದು ಅವನ ಹಟ.

*

ರಾನ್ ಹೆಬ್ಡನ್ ಕರಾಮದಲ್ಲಿದ್ದ ಕ್ಯಾಮಿಲಸನ ಫ್ಲ್ಯಾಟಿಗೆ ಬಂದದ್ದು ಏಳು ವರ್ಷದ ಹಿಂದೆ. ಬಾಡಿಗೆ ಏರಿದ ಕಾಲ. ಕ್ಯಾಮಿಲಸ್ ಹಾಲ್‌ನ ಅರ್ಧಕ್ಕೆ ಹಲಗೆ ಹೊಡೆಸಿ ಒಂದು ರೂಮು ಮಾಡಿ, ಅದನ್ನು ಯಾರಾದರೂ ಊರಿನ ಹುಡುಗನಿಗೆ ಕೊಡುವ ಅಂದಾಜಿನಲ್ಲಿದ್ದ. ಅಷ್ಟರಲ್ಲಿ ಗ್ಯಾರೇಜಿಗೆ ಹೊಸದಾಗಿ ಬಂದ ಬಿಳಿಯ ತನಗೆ ಅಗ್ಗದ ಕೋಣೆ ಬೇಕೆಂದ. ಬಿಳಿಯರು ಸಮುದ್ರದ ಬದಿಯ ಗೋಪುರಗಳಲ್ಲಿ ಇರುತ್ತಾರೆಯೇ ಹೊರತು ಕರಾಮದ ಹಲಗೆ ರೂಮಿನಲ್ಲಿ ಇರುವುದಿಲ್ಲ. ಇವನು ಮಾತ್ರ ಒಂದು ಸೂಟ್‌ಕೇಸು, ಒಂದು ಮಫ್ಲರು ತೆಗೆದುಕೊಂಡು ಬಂದುಬಿಟ್ಟ. ಬೆಟ್ಟಿ ಎರಡು ದಿನ ಅವನಿಗೆಂದು ಖಾರವಿಲ್ಲದ ಸಾರು ಮಾಡಿದಳು. ಮೂರನೆಯ ದಿನ ಅವನು ತಾನೇ ಪಾತ್ರೆಯ ಮುಚ್ಚಳ ತೆಗೆದು ಬಂಗುಡೆ ಸಾರು ಬಡಿಸಿಕೊಂಡ. ಅಲ್ಲಿಗೆ ಆ ಚಿಂತೆ ಕಳೆಯಿತು. ಮುಂದೆ ಚರ್ಚಿನಲ್ಲಿ ಸಿಕ್ಕವರಿಗೆಲ್ಲ ಕ್ಯಾಮಿಲಸ್ 'ನಮ್ಮ ಮನೆಯಲ್ಲಿ ಒಬ್ಬ ಇಂಗ್ಲಿಷಿನವನಿದ್ದಾನೆ' ಎನ್ನತೊಡಗಿದ. ಬಾಡಿಗೆಗೆ ಎಂಬ ಮಾತನ್ನು ಮೆಲ್ಲಗೆ ಹೇಳುತ್ತಿದ್ದ, ಕೆಲವೊಮ್ಮೆ ಹೇಳುತ್ತಲೂ ಇರಲಿಲ್ಲ.

ಅವನಿಗೆ ದೊರೆ ಎಂದು ಹೆಸರಿಟ್ಟವನು ಹಂಝ.

ಶನಿವಾರ ಸಂಜೆ ಮೂವರೂ ಕರಾಮದ ಒಂದು ಉಡುಪಿ ಹೋಟೆಲಿನಲ್ಲಿ ಕೂರುವುದು ಅಭ್ಯಾಸವಾಯಿತು. ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಆಟ ಶುರುವಾಗುವಾಗ ಇಲ್ಲಿ ಸಂಜೆ. ರಾನ್ ಫೋನನ್ನು ಎದುರಿಗಿಟ್ಟು, ಕನ್ನಡಕ ಮೂಗಿನ ತುದಿಗಿಳಿಸಿ, ಆಗಾಗ ಅದನ್ನು ನೋಡಿ ಹೇಳುತ್ತಿದ್ದ. ಈಗ ಒಂದು ಗೋಲು ಬಿತ್ತು. ಈಗ ನಮ್ಮ ಗೋಲ್‌ಕೀಪರ್ ಜಾರಿದ. ಈಗ ಮಳೆ. ಅವನ ಊರಿನ ಕ್ಲಬ್ಬು ದೊಡ್ಡ ಲೀಗಿನದಲ್ಲ. ಅದರ ಕೆಳಗಿನ, ಅದರ ಕೆಳಗಿನ, ಪತ್ರಿಕೆಯವರು ಬರೆಯದಷ್ಟು ಕೆಳಗಿನ ಆಟ. ಆಡುವವರು ವಾರವಿಡೀ ಗಣಿಯಲ್ಲೋ ಗಿರಣಿಯಲ್ಲೋ ದುಡಿದು ಶನಿವಾರ ಬೂಟು ಕಟ್ಟುವವರು. ಆ ಕಾರಣಕ್ಕೇ ಹಂಝನಿಗೆ ಅವರು ಹಿಡಿಸಿದರು.

"ವಾಂಡರರ್ಸ್ ಅಂದ್ರೆ ಎಂಥ?" ಎಂದು ಅವನು ಮೊದಲ ದಿನವೇ ಕೇಳಿದ್ದ.

ಕ್ಯಾಮಿಲಸ್ ಸ್ವಲ್ಪ ಯೋಚಿಸಿ ಹೇಳಿದ. "ಊರೂರು ತಿರುಗುವವರು. ಪರದೇಶಿಗಳು."

"ಹಾಗಾದ್ರೆ ನಮ್ಮದೇ ಟೀಮು," ಎಂದ ಹಂಝ. ಮತ್ತೆ ಆ ಟೀಮನ್ನು ಬಿಡಲಿಲ್ಲ.

ಒಂದು ಚಳಿಗಾಲ ರಾನ್ ಬಂದು, ಈ ವಾರ ಆಟ ಬುಧವಾರ ಮಧ್ಯಾಹ್ನವೇ ಆಯಿತು, ಕರೆಂಟು ಉಳಿಸಬೇಕೆಂದು ಸರಕಾರ ಮೈದಾನದ ದೀಪ ಹಚ್ಚಬಾರದೆಂದಿದೆ ಎಂದ. ಹಂಝ ಹೊಟ್ಟೆ ಹಿಡಿದು ನಕ್ಕ. ಇಂಗ್ಲೆಂಡಿನಲ್ಲೂ ಕರೆಂಟು ಹೋಗುತ್ತದೆಂಬ ಸುದ್ದಿ ಅವನಿಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಊರಿಗೆ ಫೋನು ಮಾಡಿ ತಾಯಿ ಆಮಿನಮ್ಮನಿಗೂ ಹೇಳಿದ. ಇದು ಯಾವ ಕಾಲದ ಮಾತು ಎಂದು ಯಾರಿಗೂ ಅನುಮಾನ ಬರಲಿಲ್ಲ. ಇಂಥವನ್ನು ಫೋನಿನಲ್ಲಿ ಹುಡುಕಿ ನೋಡಲು ಒಂದು ನಿಮಿಷ ಸಾಕು. ಆದರೆ ಬಿಳಿಯನೊಬ್ಬ ಎದುರು ಕೂತು ಸುಳ್ಳು ಹೇಳುತ್ತಾನೆಂದು ಭಾವಿಸುವಷ್ಟು ಸ್ವಾತಂತ್ರ್ಯ ನಮ್ಮ ಜನಕ್ಕೆ ಇನ್ನೂ ಬಂದಿಲ್ಲ.

ಅದೇ ಚಳಿಗಾಲದಲ್ಲಿ ಕೆವಿನ್ ಆಲ್ಡ್ರಿಜ್‌ನ ಮೊಣಕಾಲಿನ ಗಂಟು ಮುರಿಯಿತು. ಕೆವಿನ್ ಅವರ ಫಾರ್ವರ್ಡ್ ಆಟಗಾರ, ಹಂಝನ ಕಣ್ಮಣಿ. ಬೇಕರಿಯಲ್ಲಿ ಕೆಲಸ ಮಾಡುವ, ತಲೆಯಿಂದ ಗೋಲು ಹೊಡೆಯುವ ಹುಡುಗ. ಪ್ರಾಕ್ಟೀಸಿನಲ್ಲಿ ಯಾರದೋ ಕಾಲು ತಾಗಿ ಬಿದ್ದ ಎಂದು ರಾನ್ ಹೇಳಿದ. ಯಾರ ಕಾಲು ಎಂದು ಹೇಳಲಿಲ್ಲ. ಹಂಝ ಆ ರಾತ್ರಿ ಊಟ ಸರಿ ಮಾಡಲಿಲ್ಲ. ಆಮಿನಮ್ಮನಿಗೂ ಮೊಣಗಂಟಿನದೇ ಬಾಧೆ. ಮಗ ಫೋನಿನಲ್ಲಿ ವಿಷಯ ಹೇಳಿದ ಮೇಲೆ ಮುದುಕಿ ಐದು ಹೊತ್ತಿನ ನಮಾಜಿನ ಕೊನೆಗೂ ತನ್ನ ಗಂಟಿನ ಜೊತೆ ಕೆವಿನ್ನನ ಗಂಟಿಗೂ ಸೇರಿಸಿ ಬೇಡಿಕೊಳ್ಳತೊಡಗಿದಳು. "ನನ್ನದು ಹೇಗೂ ಹಳೇದು. ಆ ಹುಡುಗನಿಗೆ ಮೊದಲು ಗುಣವಾಗ್ಲಿ" ಎನ್ನುತ್ತಿದ್ದಳಂತೆ. ಇದನ್ನು ಕೇಳಿ ಬೆಟ್ಟಿಯೂ ಸಂತ ಅಂತೋನಿಯ ಮುಂದೆ ಒಂದು ಮೇಣದಬತ್ತಿ ಹಚ್ಚಿ ಬಂದಳು. ರಾನ್‌ಗೆ ಇದನ್ನೆಲ್ಲ ಹೇಳಿದಾಗ ಅವನು ಚಹಾದ ಲೋಟ ತಿರುಗಿಸುತ್ತ ಕೂತ.

*

ಸ್ಮಶಾನವಿರುವ ಜಬಲ್ ಅಲಿಯ ಕಡೆಗೆ ಹೋಗುವ ರಸ್ತೆಯಲ್ಲಿ ಶವದ ಗಾಡಿ ಮುಂದಿತ್ತು. ಕ್ಯಾಮಿಲಸ್ ಅದರ ಹಿಂದೆಯೇ ಕಾರು ಬಿಡುತ್ತಿದ್ದ.

"ಪಪ್ಪಾ," ಎಂದಳು ಸ್ಟೇಸಿ ಹಿಂದಿನಿಂದ. "ರಿಪ್ಲೈ ಬಂದಿದೆ. ಇಟ್ ಕೇಮ್ ಲಾಸ್ಟ್ ನೈಟ್."

"ಹಂಝನ ಹತ್ರ ಬರ್ಲಿಲ್ಲ ಅಂದೆಯಲ್ಲ?"

"ಬಿಕಾಸ್ ಇಟ್ಸ್ ನಾಟ್ ನೈಸ್. ದೇರ್ ಈಸ್ ನೋ ಕ್ಲಬ್, ಪಪ್ಪಾ."

ಅವಳು ಓದಿದಳು. ಹಾಲ್ಸ್ಬಿಯ ಹಳಬರು ಹಳೆಯ ಫೋಟೋಗಳನ್ನು ಹಾಕಿಕೊಳ್ಳುವ ಒಂದು ಪುಟ ಇಂಟರ್‌ನೆಟ್ಟಿನಲ್ಲಿತ್ತು. ಅವಳು ತಂದೆಯ ಹೆಸರಿನಲ್ಲಿ ಅಲ್ಲಿಗೇ ಬರೆದಿದ್ದಳು. ಬರೆಯಲು ಬೇರೆ ಯಾರೂ ಇರಲಿಲ್ಲ. ಉತ್ತರ ಕೊಟ್ಟವನು ಹೀಗೆ ಬರೆದಿದ್ದ. ಅವನು ಸತ್ತದ್ದು ನಿಜವೇ? ಕ್ಲಬ್ಬು ಸತ್ತು ಏಳು ವರ್ಷವಾಯಿತು. ಹಾಲ್ಸ್ಬಿಯವರ ಮೈದಾನ ಮಾರುವ ಕಾಗದಕ್ಕೆ ಸೆಕ್ರೆಟರಿಯಾಗಿ ಸಹಿ ಹಾಕಿದವನು ಅವನೇ. ಊರಾಚೆ ಹೊಸ ಮೈದಾನ ಕಟ್ಟಿಕೊಡುತ್ತಾರೆಂದು ನಂಬಿದ್ದ, ನಮ್ಮನ್ನೂ ನಂಬಿಸಿದ. ಹೊಸ ಮೈದಾನ ಬರಲಿಲ್ಲ. ಇನ್ನೊಬ್ಬರ ಮೈದಾನಗಳಲ್ಲಿ ಬೇಡಿಕೊಂಡು ಆಡಿ ಆಡಿ ಟೀಮು ಮುಗಿಯಿತು. ಈಗ ನಮ್ಮ ಹಳೆಯ ಮೈದಾನದಲ್ಲಿ ಸೂಪರ್ ಮಾರ್ಕೆಟ್ ಇದೆ. ಪೆನಾಲ್ಟಿ ಹೊಡೆಯುತ್ತಿದ್ದ ಜಾಗದಲ್ಲಿ ತಳ್ಳುಗಾಡಿಗಳನ್ನು ನಿಲ್ಲಿಸುತ್ತಾರೆ. ಕ್ಲಬ್ಬಿನ ಪರವಾಗಿ ಒಂದು ಸಂದೇಶ ಕೇಳಿದ್ದೀರಿ. ಕ್ಲಬ್ಬಿಲ್ಲ. ಹುಡುಗರಾಗಿ ಇಬ್ಬರೂ ಆಡುತ್ತಿದ್ದಾಗ ಪ್ರಾಕ್ಟೀಸಿನಲ್ಲಿ ನನ್ನ ಮೊಣಗಂಟು ಮುರಿದವನೂ ಅವನೇ. ಆಮೇಲೆ ನಾನು ಚೆಂಡು ಮುಟ್ಟಲಿಲ್ಲ, ಬ್ರೆಡ್ಡಿನ ವ್ಯಾನು ಓಡಿಸಿಕೊಂಡು ಮುದುಕನಾದೆ. ನನ್ನ ಕಡೆಯಿಂದಲೂ ಹೇಳುವುದೇನಿಲ್ಲ. ಕೆವಿನ್ ಆಲ್ಡ್ರಿಜ್.

ಕ್ಯಾಮಿಲಸ್ ಕಾರಿನ ವೇಗ ತಗ್ಗಿಸಿದ.

"ಕೆವಿನ್ ಮುದುಕನಾ?" ಎಂದಳು ಬೆಟ್ಟಿ.

"ಮಮ್ಮಾ, ಅದೆಲ್ಲ ನೈಂಟೀನ್ ಸೆವೆಂಟೀಸ್. ರಾನ್ ಅಂಕಲ್ ಹೇಳ್ತಿದ್ದ ಸ್ಕೋರ್ಸ್ ಎಲ್ಲ ಕರೆಕ್ಟ್. ಹೀ ವಾಸ್ ಜಸ್ಟ್ ಫಾರ್ಟಿ ಇಯರ್ಸ್ ಲೇಟ್."

ಕ್ಯಾಮಿಲಸನ ಕಣ್ಣೆದುರು ಕರೆಂಟಿಲ್ಲದ ಮೈದಾನ ಬಂತು, ಗಣಿಯಿಂದ ಓಡಿಬರುವ ಗೋಲ್‌ಕೀಪರ್ ಬಂದ. ಕಲ್ಲಿದ್ದಲ ಗಣಿ ಈಗ ಆ ದೇಶದಲ್ಲಿ ಎಲ್ಲಿದೆ? ಇಷ್ಟು ವರ್ಷ ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಪರರ ಕಾಗದಪತ್ರದಲ್ಲಿ ಒಂದು ಅಕ್ಷರ ತಪ್ಪಿದರೆ ಹಿಡಿಯುವ ಮನುಷ್ಯ, ಪ್ರತಿ ಶನಿವಾರ ಚಹಾ ಕುಡಿಯುತ್ತ ಹಸಿ ಸುಳ್ಳು ನುಂಗಿದ್ದ.

"ನಿಂಗೆ ಯಾವಾಗ ಗೊತ್ತಾಯ್ತು?"

"ಐ ವಾಸ್ ಲೈಕ್ ಟ್ವೆಲ್ವ್. ಸ್ಕೂಲಿನಲ್ಲಿ ಫ್ರೆಂಡ್ಸ್ ಹತ್ರ ಶೋ ಆಫ್ ಮಾಡ್ಲಿಕ್ಕೆ ಹುಡುಕಿದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಸ್ಟೇಸಿ ಕಿಟಕಿಯ ಕಡೆ ತಿರುಗಿದಳು. "ಯೂ ವರ್ ಹ್ಯಾಪಿ ಓನ್ಲಿ ಆನ್ ಸ್ಯಾಟರ್ಡೇಸ್, ಪಪ್ಪಾ."

ಬೆಟ್ಟಿಯ ಸಿಟ್ಟು ಈಗ ಮೇಲೇರಿತು. "ನನ್ನ ಕೈಯ ಅನ್ನ ತಿಂದು ನಮ್ಮ ಬಾಯಿಗೆ ಮಣ್ಣು ಹಾಕಿದ. ಇಲ್ಲದ ಕಾಲಿಗೆ ಸಂತ ಅಂತೋನಿಯ ಮುಂದೆ ಬತ್ತಿ ಹಚ್ಚಿದೆ ನಾನು. ದೇವರ ಹತ್ರ ನನ್ನನ್ನು ಮಂಗ ಮಾಡಿದ. ಇವನಿಗೆ ಜಪಸರ ಹೇಳ್ಬೇಕಾ ನಾನೀಗ?"

"ನಾವೂ ಊರಿಗೆ ಫೋನು ಮಾಡಿ ಇಲ್ಲಿ ಎಲ್ಲ ಚೆನ್ನಾಗುಂಟು ಅಂತ ಹೇಳುದಿಲ್ವಾ?" ಎಂದ ಕ್ಯಾಮಿಲಸ್.

"ಅದು ಬೇರೆ."

"ಹೇಗೆ ಬೇರೆ?"

ಬೆಟ್ಟಿ ಮುಖ ತಿರುಗಿಸಿದಳು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮೆಲ್ಲಗೆ ಅಂದಳು. "ಹಂಝನಿಗೆ ಗೊತ್ತಾಗ್ಬಾರದು. ಯಾರಿಗಾದ್ರೂ ಗೊತ್ತಾಗ್ಲಿ, ಅವನಿಗೆ ಬೇಡ. ಆ ಹಿಮದ ಗೋಲು ಉಂಟಲ್ಲ."

ಕ್ಯಾಮಿಲಸ್ ಕೂಡ ಅದನ್ನೇ ಯೋಚಿಸುತ್ತಿದ್ದ.

*

ಆಮಿನಮ್ಮ ತೀರಿಹೋದದ್ದು ಒಂದು ಶುಕ್ರವಾರ. ಹಂಝನ ಪಾಸ್‌ಪೋರ್ಟು ಆಗ ವೀಸಾ ನವೀಕರಣಕ್ಕೆಂದು ಕಚೇರಿಯಲ್ಲಿ ಸಿಕ್ಕಿಬಿದ್ದಿತ್ತು. ಕ್ಯಾಮಿಲಸ್ ಮೂರು ಕಡೆ ಓಡಿ ನೋಡಿದ. ರಜಾದಿನ, ಎಲ್ಲ ಬಾಗಿಲೂ ಮುಚ್ಚಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಊರಿನಲ್ಲಿ ಅವಳನ್ನು ಮಣ್ಣು ಮಾಡಿದರು. ಹಂಝ ಅದನ್ನು ತಮ್ಮನ ಫೋನಿನಲ್ಲಿ ನೋಡಿದ. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು.

ಮರುದಿನ ಸಂಜೆ ಅವನು ಹೋಟೆಲಿಗೆ ಬಂದ. ಅವನಿದ್ದ ಕ್ಯಾಂಪಿನ ರೂಮಿನಲ್ಲಿ ಎಂಟು ಜನ ಇಸ್ಪೀಟು ಆಡುತ್ತಿದ್ದರು, ಅಲ್ಲಿ ಅಳುವುದು ಹೇಗೆ? ಮೂವರೂ ಕೂತರು. ಹಂಝ ಹಿಂದಿನ ದಿನದಿಂದ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಮುಖ ಸಿಮೆಂಟು ಬಳಿದ ಹಾಗಿತ್ತು. ರಾನ್ ಫೋನು ತೆಗೆದು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ, ಗ್ಯಾರೇಜಿನಲ್ಲಿ ಕಲಿತ ಹಿಂದಿಯನ್ನೂ ತನ್ನ ಇಂಗ್ಲಿಷನ್ನೂ ಸೇರಿಸಿ, ಒಂದೊಂದೇ ಮಾತಾಗಿ ಹೇಳಿದ. ಕೆವಿನ್ ವಾಪಸು ಬಂದಿದ್ದಾನೆ. ಅಲ್ಲಿ ಹಿಮ ಬೀಳುತ್ತಿದೆ. ಹಿಮದಲ್ಲಿ ಬಿಳಿ ಚೆಂಡು ಕಾಣುವುದಿಲ್ಲ, ಅದಕ್ಕೆ ಕಿತ್ತಳೆ ಬಣ್ಣದ ಚೆಂಡು ತಂದಿದ್ದಾರೆ. ಆಟ ಮುಗಿಯುತ್ತ ಬಂದಿತ್ತು. ಅವನನ್ನು ಮೈದಾನಕ್ಕೆ ಇಳಿಸಿದರು. ಕಾರ್ನರಿನಿಂದ ಬಂದ ಚೆಂಡಿಗೆ ಆ ಕಾಲಿನ ಮೇಲೆಯೇ ಹಾರಿ ತಲೆ ಕೊಟ್ಟ. ಗೋಲು.

"ನಿನ್ನ ಉಮ್ಮ," ಎಂದ ರಾನ್. "ನಿನ್ನ ಉಮ್ಮ ಬೇಡಿಕೊಂಡದ್ದು ಮುಟ್ಟಿತು."

ಹಂಝ ಆಗ ಅತ್ತ. ತಟ್ಟೆಗಳನ್ನು ಬದಿಗೆ ಸರಿಸಿ, ಮೇಜಿನ ಮೇಲೆ ತಲೆಯಿಟ್ಟು, ಜನ ನೋಡುತ್ತಾರೆಂಬ ನಾಚಿಕೆಯಿಲ್ಲದೆ ಅತ್ತ. ರಾನ್ ಎದ್ದು ಸಿಗರೇಟು ಸೇದಲು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು. ಸಿಗರೇಟು ಹಚ್ಚಿರಲಿಲ್ಲ ಎಂಬುದನ್ನು ಕ್ಯಾಮಿಲಸ್ ಅಂದು ಕಂಡಿದ್ದ, ಅದಕ್ಕೆ ಅರ್ಥ ಕಟ್ಟಲು ಹೋಗಿರಲಿಲ್ಲ.

ಅಂದಿನಿಂದ ಹಂಝ ತಾಯಿಯ ಮಾತು ಬಂದಾಗಲೆಲ್ಲ ಆ ಗೋಲಿನ ಕತೆಯನ್ನೇ ಹೇಳುತ್ತಿದ್ದ. ನಾನು ಮಣ್ಣಿಗೆ ಹೋಗ್ಲಿಲ್ಲ, ಮುಖ ನೋಡ್ಲಿಲ್ಲ, ಆದ್ರೆ ಅವಳ ಕೊನೇ ದುಆ ಅಲ್ಲಾಹು ಕೇಳಿದ, ನಂಗೆ ಅದಕ್ಕೆ ಸಾಕ್ಷಿ ಉಂಟು ಎನ್ನುತ್ತಿದ್ದ. ಕೆಲವರು ನಕ್ಕರು. ಅವನು ಸಿಟ್ಟಾಗಲಿಲ್ಲ. ಕೈಯಲ್ಲಿ ಸಾಕ್ಷಿ ಇದ್ದವನಿಗೆ ಸಿಟ್ಟೇಕೆ?

*

ಸ್ಮಶಾನದಲ್ಲಿ ಗುಂಡಿಗಳನ್ನು ಮೊದಲೇ ತೋಡಿ ಸಾಲಾಗಿ ಇಟ್ಟಿದ್ದರು, ಯಾರು ಬಂದರೂ ಆಗುವಂತೆ. ಮರವಿಲ್ಲ, ನೆರಳಿಲ್ಲ. ದೂರದಲ್ಲಿ ಕಾರ್ಖಾನೆಯ ಚಿಮಣಿಗಳು. ಇಂಗ್ಲಿಷ್ ಚರ್ಚಿನ ಪಾದ್ರಿ ಬಂದು, ಚಿಕ್ಕ ಪ್ರಾರ್ಥನೆ ಹೇಳಿ, ಇನ್ನೊಂದು ಸಾವಿಗೆ ಹೋಗಬೇಕೆಂದು ಕ್ಷಮೆ ಕೇಳಿ ಹೊರಟುಹೋದ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಜಪಸರ ಹೇಳುವುದಿಲ್ಲ ಎಂದಿದ್ದ ಬೆಟ್ಟಿ ಸುಮ್ಮನೆ ನಿಲ್ಲಲಾರದೆ ಒಂದು ಕೊಂಕಣಿ ಕೀರ್ತನೆ ಶುರು ಮಾಡಿದಳು. ಅವಳ ಸ್ವರದಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಹಂಝ ಬಗ್ಗಿ ಬಲಗೈಯಲ್ಲಿ ಒಂದು ಮುಷ್ಟಿ ತುಂಬಿಕೊಂಡ. "ಮಣ್ಣು ಅಂತ ಹೇಳುದು. ಇಲ್ಲಿ ಮಣ್ಣು ಮಾಫಿ, ಇಲ್ಲವೇ ಇಲ್ಲ, ಬರೇ ಮರಳು," ಎಂದ. ಆಮೇಲೆ ಕ್ಯಾಮಿಲಸನ ಕಡೆ ನೋಡಿದ. "ಅವರದ್ದು ಎಂಥದೂ ಬರ್ಲಿಲ್ವಾ?"

"ಇಲ್ಲ," ಎಂದ ಕ್ಯಾಮಿಲಸ್. "ಮರಳು ಹಾಕುವ. ಹೊತ್ತಾಯ್ತು."

ಆಗಲೇ ಆ ಪುಟದ ಮೂಲಕ ಕರೆ ಬಂದು ಸ್ಟೇಸಿಯ ಫೋನು ರಿಂಗಾಯಿತು. ಅವಳು ಗಾಬರಿಯಿಂದ ಅದನ್ನು ತಿರುಗಿಸುವುದರೊಳಗೆ ಪಕ್ಕದಲ್ಲಿದ್ದ ಹಂಝ ಪರದೆಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿಬಿಟ್ಟ.

"ಕೆವಿನ್... ನಮ್ಮ ಕೆವಿನ್ನಾ?" ಅವನ ಮುಖ ಅರಳಿತು. ಹೆಸರಿನ ಮೇಲಿನ ಚಿಕ್ಕ ಚಿತ್ರದಲ್ಲಿ ಬೋಳು ತಲೆಯ ಮುದುಕನೊಬ್ಬ ನಾಯಿ ಹಿಡಿದು ನಿಂತಿದ್ದ. "ಇದು ಅವನ ಅಪ್ಪನ ಫೋಟೋನಾ? ಕೊಡು, ನಾನು ಮಾತಾಡ್ತೇನೆ."

"ಅಂಕಲ್, ಪ್ಲೀಸ್—"

ಎಡಗೈಯಲ್ಲಿ ಫೋನು ತೆಗೆದುಕೊಂಡು ಅವನು ಎಲ್ಲರಿಗೂ ಕೇಳುವ ಹಾಗೆ ಮಾಡಿದ. ಬಲಗೈಯ ಮುಷ್ಟಿ ಹಾಗೆಯೇ ಇತ್ತು. ಆ ಕಡೆಯ ಸ್ವರ, ಹಲೋ ಎಂದೂ ಹೇಳದೆ, ಅವನನ್ನು ಹೂತಾಯಿತೇ ಎಂದು ಕೇಳಿತು.

"ಮಿಸ್ಟರ್ ಕೆವಿನ್. ಐ ಹಂಝ. ರಾನ್ ಫ್ರೆಂಡ್, ದುಬೈ. ಯುವರ್ ನೀ ಗುಡ್ ನೌ?"

ಯಾವ ಗಂಟು ಎಂದಿತು ಸ್ವರ.

"ಯುವರ್ ನೀ. ಬ್ರೋಕನ್. ಮೈ ಮದರ್ ಪ್ರೇ ಫಾರ್ ಯೂ, ಫೈವ್ ಟೈಮ್. ಆಫ್ಟರ್, ಯೂ ಕಮ್ ಬ್ಯಾಕ್. ಸ್ನೋ. ಆರೆಂಜ್ ಬಾಲ್. ಗೋಲ್." ಹಂಝ ಗುಂಡಿಯ ಕಡೆ ನೋಡಿ ಮೆಲ್ಲಗೆ ನಕ್ಕ. "ರಾನ್ ಟೆಲ್ ಮಿ ಎವ್ರಿಥಿಂಗ್."

ಆಗ ಆ ಮುದುಕ ಮಾತಾಡತೊಡಗಿದ. ಶಬ್ದಗಳನ್ನು ಅಗಿದು ಉಗುಳುವ ಇಂಗ್ಲಿಷು, ಕ್ಯಾಮಿಲಸನಿಗೇ ಅರ್ಧ ಸಿಕ್ಕಿತು. ನೆವರ್ ಎಂದ. ರಾನ್‌ನ ಹೆಸರೆತ್ತಿ ಏನೋ ಹೇಳಿದ. ಮತ್ತೆ ನೆವರ್ ಎಂದ, ಈ ಸಲ ಸ್ವರ ಒಡೆದಿತ್ತು. ಫೋನು ಕಡಿಯಿತು.

ಹಂಝ ಫೋನನ್ನು ಸ್ಟೇಸಿಗೆ ಮರಳಿಸಿದ. "ಎಂಥ ಹೇಳಿದ ಕ್ಯಾಮಿಲಸ್? ಅವನ ಇಂಗ್ಲಿಷ್ ನಂಗೆ ಆಗುದಿಲ್ಲ."

ಕ್ಯಾಮಿಲಸ್ ಇಪ್ಪತ್ತು ವರ್ಷ ಕೌಂಟರುಗಳ ಮುಂದೆ ನಿಂತು ಬೇರೆಯವರ ಪರವಾಗಿ ಹೇಳಬೇಕಾದದ್ದನ್ನೆಲ್ಲ ಹೇಳಿದವನು. ಅವನಿಗೆ ತಡವರಿಕೆ ಬರುವುದಿಲ್ಲ. "ಗಂಟು ಈಗ ಸರಿ ಉಂಟಂತೆ. ಚಳಿಗೆ ಸ್ವಲ್ಪ ಹಿಡೀತದಂತೆ, ಅಷ್ಟೆ. ನಿನ್ನ ಉಮ್ಮನನ್ನು ಮರೆಯುದಿಲ್ಲ ಅಂದ. ಇವತ್ತು ಆಟಕ್ಕೆ ಮೊದಲು ಎಲ್ಲರೂ ದೊರೆಗೋಸ್ಕರ ಒಂದು ನಿಮಿಷ ಎದ್ದು ನಿಲ್ತಾರಂತೆ."

"ಹೌದಾ."

"ಹೌದು."

ಹಂಝ ಅವನನ್ನು ನೋಡಲಿಲ್ಲ. ಸ್ಟೇಸಿಯನ್ನು ನೋಡುತ್ತಿದ್ದ. ಅವಳು ಗಲ್ಲ ಎದೆಗೆ ಒತ್ತಿ ಶೂವಿನ ತುದಿ ನೋಡುತ್ತಿದ್ದಳು.

"ಸ್ಟೇಸಿ. ನೆವರ್ ಅಂದ್ರೆ ಎಂಥ?"

ಅದು ಅವನಿಗೆ ಗೊತ್ತಿಲ್ಲದ ಶಬ್ದವಲ್ಲ. ಗಲ್ಫಿನಲ್ಲಿ ಇಷ್ಟು ವರ್ಷ ದುಡಿದವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಹುಟ್ಟಿದಂದಿನಿಂದ ಯಾರು ಏನು ಕೇಳಿದರೂ ಇಂಗ್ಲಿಷ್ ಬೆರೆಸಿಯೇ ಉತ್ತರಿಸುವ ಹುಡುಗಿ ಅವನಿಗೆ ಬರೀ ಕನ್ನಡದಲ್ಲಿ ಹೇಳಿದಳು.

"ಯಾವತ್ತೂ ಇಲ್ಲ, ಅಂಕಲ್. ಅವರು ಮತ್ತೆ ಯಾವತ್ತೂ ಆಡ್ಲಿಲ್ಲ."

"ಮುರಿದದ್ದು ದೊರೆಯಾ? ಅವನ ಹೆಸರು ಹೇಳಿದ ಆ ಮನುಷ್ಯ."

ಸ್ಟೇಸಿ ಹೌದೆಂದು ತಲೆಯಾಡಿಸಿದಳು. ಬೆಟ್ಟಿಯ ಕೀರ್ತನೆ ಎಲ್ಲಿ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

"ಆ ಗೋಲಿನ ಕತೆ ದೊರೆ ನಿಂಗೋಸ್ಕರ ಹೇಳಿದ್ದು ಹಂಝ," ಎಂದ ಕ್ಯಾಮಿಲಸ್. "ಆ ದಿವಸ ನಿನ್ನ ಸ್ಥಿತಿ ನೋಡಿ ಹೇಳಿದ್ದು. ಕೆಟ್ಟ ಮನಸ್ಸಿಂದ ಅಲ್ಲ."

"ಆಗಿರ್ಬಹುದು. ಅಥವಾ ತಾನು ಮುರಿದ ಕಾಲನ್ನು ತಾನೇ ಸರಿ ಮಾಡ್ಲಿಕ್ಕೆ ಅವನಿಗೆ ಒಂದು ದುಆ ಬೇಕಿತ್ತು. ನನ್ನ ಉಮ್ಮನದ್ದು ಸಿಕ್ಕಿತು." ಹಂಝನ ಸ್ವರ ಏರಲಿಲ್ಲ. "ನಂಗೋಸ್ಕರವಾ, ಅವನಿಗೋಸ್ಕರವಾ, ಇನ್ನು ಕೇಳ್ಲಿಕ್ಕೆ ಆಗ್ತದಾ? ಮಲಗಿದ್ದಾನೆ ನೋಡು, ಮಫ್ಲರ್ ಹಾಕಿಕೊಂಡು. ಅದನ್ನೂ ನಾನೇ ಹಾಕಿದ್ದು."

ಅವನು ಮರಳು ತುಂಬಿದ ಮುಷ್ಟಿಯನ್ನು ನೋಡಿ ಕೇಳಿದ. "ಆ ಮುದುಕಿ ತನ್ನ ಗಂಟು ಬಿಟ್ಟು ಆ ಹುಡುಗನಿಗೆ ಬೇಡಿಕೊಂಡಳು ಕ್ಯಾಮಿಲಸ್. ಅದು ಎಲ್ಲಿಗೆ ಹೋಯ್ತು?"

ಕ್ಯಾಮಿಲಸ್ ಬಗ್ಗಿ ಮರಳು ಎತ್ತಿ ಗುಂಡಿಗೆ ಹಾಕಿದ. ಬೆಟ್ಟಿ ಹಾಕಿದಳು. ಸ್ಟೇಸಿ ಹಾಕಿದಳು. ಎಲ್ಲರೂ ಹಂಝನಿಗಾಗಿ ಕಾದರು. ಕೆಲಸದವರು ಗುದ್ದಲಿ ಹಿಡಿದು ಕಾದರು, ಖಲಾಸಾ ಎಂದು ಕೇಳಿದರು, ಆಮೇಲೆ ಕೇಳದೆಯೇ ಎಳೆದು ಮುಚ್ಚಿದರು. ರಾಮ್ ಎಂದು ಬರೆದ ಹೂಚಕ್ರವನ್ನು ಒಬ್ಬನು ಮೇಲೆ ಇಟ್ಟ.

ವಾಪಸು ಬರುವಾಗ ಹಂಝ ಕಾರಿನ ಬಾಗಿಲನ್ನು ಎಡಗೈಯಿಂದ ತೆರೆದು ಹಿಂದೆ ಕೂತ. ಹೆದ್ದಾರಿಗೆ ಬಂದ ಮೇಲೆ ಕ್ಯಾಮಿಲಸ್ ಒಮ್ಮೆ ಕನ್ನಡಿಯಲ್ಲಿ ನೋಡಿದ. ಹಂಝ ಕಿಟಕಿಯಾಚೆ ನೋಡುತ್ತ ಕೂತಿದ್ದ. ಬಲಗೈಯ ಮುಷ್ಟಿ ಇನ್ನೂ ಬಿಗಿದೇ ಇತ್ತು, ಮೊಣಗಂಟಿನ ಮೇಲೆ ಊರಿಕೊಂಡಿತ್ತು. ಬೆರಳುಗಳ ಸಂದಿನಿಂದ ಮರಳು ಸಣ್ಣಗೆ ಅವನ ಗಂಟಿನ ಮೇಲೆಯೇ ಸುರಿಯುತ್ತಿತ್ತು.